ನಕ್ಷೆಯಲ್ಲಿಲ್ಲದ ಗೇಟು

ಅವಳಿಗೆ ಹುಟ್ಟಿದಾಗ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು. ಇಪ್ಪತ್ತಾರು ವರ್ಷದಿಂದ ಶಾಲೆಯ ಗಂಟೆ ಹೊಡೆದು ಹೊಡೆದು, ಮಕ್ಕಳ ಬಾಯಲ್ಲೂ ಮೇಷ್ಟ್ರ ಬಾಯಲ್ಲೂ ಗಂಟೆಯಮ್ಮನೇ ಆಗಿಹೋಗಿದ್ದಳು. ಗುಡಿಸುವುದು, ನೀರಿನ ಡ್ರಮ್ಮು ತುಂಬಿಸುವುದು, ಬಿದ್ದವರ ಮಂಡಿಗೆ ಔಷಧಿ ಹಚ್ಚುವುದು, ಎಲ್ಲವೂ ಅವಳದೇ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ಆದರೆ ಕಾರಣವಿಲ್ಲದೆ ಬಂದದ್ದು ಕಡಿಮೆ.

ಶಾಲೆಯ ಮುಂಬಾಗಿಲು ಲಾರಿ ಓಡಾಡುವ ದೊಡ್ಡ ರಸ್ತೆಗೆ ತೆರೆಯುತ್ತದೆ. ಒಂಬತ್ತು ವರ್ಷದ ಹಿಂದೆ, ಶಾಲೆ ಬಿಟ್ಟ ಹೊತ್ತಿನಲ್ಲಿ, ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಅಲ್ಲಿ ಲಾರಿಗೆ ಸಿಕ್ಕಳು. ಎತ್ತಿಕೊಂಡು ಆಸ್ಪತ್ರೆಗೆ ಓಡಿದವಳು ಗಂಟೆಯಮ್ಮ. ಜೀವ ಉಳಿಯಿತು, ಎಡಗಾಲು ಉಳಿಯಲಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವುದು ಲೋಕರೂಢಿ. ಆಗಿನ ಹೆಡ್‌ಮಾಸ್ತರು, ಪುಣ್ಯಾತ್ಮ, ಬಾಗಿಲು ತೆರೆಸಿದರು. ಯಾವ ಕಾಗದಕ್ಕೂ ಕಾಯದೆ ಮರುವಾರವೇ ಹಿಂದಿನ ಗೋಡೆ ಒಡೆಸಿ, ಖಾಲಿ ಮೈದಾನದ ಕಡೆಗೆ ಗೇಟು ಇಡಿಸಿದರು. ಅಂದಿನಿಂದ ನಾನೂರು ಮಕ್ಕಳು ಆ ಮೈದಾನ ದಾಟಿಯೇ ಮನೆ ಸೇರುತ್ತಾರೆ. ಎರಡನೇ ಕ್ಲಾಸಿನಲ್ಲಿರುವ ಅವಳ ಮೊಮ್ಮಗಳೂ ಅವರಲ್ಲೊಬ್ಬಳು.

ಆ ಮೈದಾನಕ್ಕೇ ಈಗ ಪಾರ್ಕು ಬಂತು. ನಿವಾಸಿಗಳೇ ಸೇರಿ ಮಾಡುವ ಪಾರ್ಕು ಎಂದು ಬ್ಯಾನರು ಕಟ್ಟಿ, ಭಾನುವಾರ ಶಾಲೆಯ ಹಾಲಿನಲ್ಲಿ ಸಭೆ ಕರೆದರು. ಗೋಡೆಗೆ ನಕ್ಷೆ ತೂಗುಹಾಕಿದ್ದರು. ಹಸಿರು ಚುಕ್ಕೆ ಅಂಟಿಸಿದರೆ ಮರ, ನೀಲಿಗೆ ಆಟದ ಸಾಮಾನು, ಕೆಂಪಿಗೆ ಬೆಂಚು. ಮನೆಗೊಂದು ಹಾಳೆ ಚುಕ್ಕೆ ಹಂಚಿದರು. ಹಿಂದಿನ ಗಲ್ಲಿಯ ಬಾಡಿಗೆ ಕೋಣೆಯಲ್ಲಿರುವ ಗಂಟೆಯಮ್ಮ ನಿವಾಸಿಗಳ ಸಂಘದ ಪಟ್ಟಿಯಲ್ಲಿರಲಿಲ್ಲ. ಅವಳ ಕೈಗೆ ಬಂದದ್ದು ಟೀ ಟ್ರೇ.

ಟೀ ಕೊಡುತ್ತಲೇ ಅವಳು ನಕ್ಷೆ ನೋಡಿದಳು. ದಿನಾ ಗುಡಿಸುವ ನೆಲದ ಗುರುತು ಸಿಗದೆ ಹೋಗುತ್ತದೆಯೇ? ಶಾಲೆಯಿತ್ತು, ಮೈದಾನವಿತ್ತು, ನಡುವೆ ಗೋಡೆಯಿತ್ತು. ಗೇಟಿರಲಿಲ್ಲ.

"ಸಾರ್, ನಮ್ಮ ಹಿಂದಿನ ಗೇಟು ಎಲ್ಲಿ?" ಎಂದು ನಕ್ಷೆ ಮಾಡಿ ತಂದಿದ್ದ ಎಂಜಿನಿಯರನ್ನು ಕೇಳಿದಳು.

"ರೆಕಾರ್ಡಲ್ಲಿ ಅಂಥ ಗೇಟೇ ಇಲ್ಲಮ್ಮ."

"ದಿನಾ ಅದರ ಬೀಗ ತೆಗೆಯೋಳು ನಾನು. ಇಲ್ಲ ಅಂದ್ರೆ?"

ಸಂಘದ ಅಧ್ಯಕ್ಷರು ನಕ್ಕರು. ಅವಳಿಗಿಂತ ಹತ್ತು ವರ್ಷ ಚಿಕ್ಕವರು, ಮಾತು ಮಾತ್ರ ಏಕವಚನ. "ಅದನ್ನೆಲ್ಲ ಆಮೇಲೆ ನೋಡೋಣ. ಆ ಸಾಲಿಗೆ ಟೀ ಬಂದಿಲ್ಲ, ಹೋಗು."

ಅವಳ ಮೈಯೆಲ್ಲ ಉರಿದುಹೋಯಿತು. ಸೇರಿದವರು ಕಾರಂಜಿಗೆ ಯಾವ ಬಣ್ಣದ ದೀಪ ಎಂದು ಜಗಳ ಆಡುತ್ತಿದ್ದರು. ತಮ್ಮ ಮಕ್ಕಳನ್ನು ವ್ಯಾನಿನಲ್ಲಿ ದೂರದ ಶಾಲೆಗೆ ಕಳಿಸುವವರಿಗೆ ಈ ಗೇಟಿನ ಉಸಾಬರಿ ಯಾಕೆ? ಯಾರೋ ಬಿಟ್ಟುಹೋದ ಹಾಳೆಯಲ್ಲಿ ಒಂದು ಚುಕ್ಕೆ ಉಳಿದಿತ್ತು. ಕಿತ್ತು, ಗೇಟಿರಬೇಕಾದ ಜಾಗದಲ್ಲೇ ಹೆಬ್ಬೆರಳಿನಿಂದ ಒತ್ತಿದಳು. ಇಲ್ಲಿ ಏನೋ ಇದೆ ಎಂದಾದರೂ ಇವರ ಕಣ್ಣಿಗೆ ಬೀಳಲಿ ಎಂದುಕೊಂಡಳು. ಆ ಚುಕ್ಕೆ ಕೆಂಪಗಿತ್ತು.

ಮನೆಗೆ ಬಂದು ಪಾತ್ರೆ ಕುಕ್ಕಿದ ಸದ್ದಿಗೆ ಸೊಸೆ ಅಡುಗೆಮನೆಗೆ ಇಣುಕಿದಳು. "ಅತ್ತೆ, ಪಾತ್ರೆ ಏನು ತಪ್ಪು ಮಾಡ್ತು?"

"ಅದಕ್ಕಾದ್ರೂ ಹೊಡೆದರೆ ಶಬ್ದ ಬರುತ್ತೆ. ಅವರಿಗೆ ಅದೂ ಇಲ್ಲ."

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಎಂಜಿನಿಯರು, ಅಧ್ಯಕ್ಷರು ಬಂದು ಮೈದಾನದಲ್ಲಿ ಸುಣ್ಣದ ಗೆರೆ ಎಳೆಸಿದರು. ಗೇಟಿನ ಬಾಯಿಗೆ ಸರಿಯಾಗಿ ಒಂದು ಉದ್ದನೆಯ ಚೌಕ ಮೂಡಿತು.

"ಇದೇನು ಸಾರ್?"

"ನೀನು ಕೇಳಿದ ಬೆಂಚು!" ಎಂದರು ಅಧ್ಯಕ್ಷರು, ದೊಡ್ಡ ಉಪಕಾರ ಮಾಡಿದವರಂತೆ. "ಕೆಂಪು ಚುಕ್ಕೆ ಹಚ್ಚಿದ್ದೆಯಲ್ಲ? ನಾವು ಜನರ ಮಾತಿಗೆ ಬೆಲೆ ಕೊಡ್ತೀವಿ."

"ಗೇಟು?"

"ನಾಳೆ ಇಟ್ಟಿಗೆ ಕಟ್ಟಿ ಮುಚ್ತಾರೆ," ಎಂದರು ಎಂಜಿನಿಯರು. "ರೆಕಾರ್ಡಲ್ಲಿ ಇಲ್ಲ ಅಂತ ಅವತ್ತೇ ಹೇಳಿದ್ದೆನಲ್ಲ."

"ಆ ಮಗು ಕಾಲು ಹೋಗಿದ್ದು ಯಾವ ರೆಕಾರ್ಡಲ್ಲಿದೆ ಸಾರ್?"

ಯಾವ ಮಗು, ಯಾವ ಕಾಲು ಎಂದು ಕೇಳುವ ಸೌಜನ್ಯವೂ ಅವರಿಗಿರಲಿಲ್ಲ. ಅಧ್ಯಕ್ಷರು ಫೋನು ನೋಡಿದರು. ಗಂಟೆಯಮ್ಮ ಒಳಗೆ ನಡೆದು ಗಡಿಯಾರ ನೋಡಿದಳು. ಶಾಲೆ ಬಿಡುವ ಮೂರೂವರೆಗೆ ಇನ್ನು ಒಂದು ನಿಮಿಷ. ಅದು ಮುಗಿದದ್ದೇ, ಇಪ್ಪತ್ತಾರು ವರ್ಷದಲ್ಲಿ ಎಂದೂ ಹೊಡೆಯದಷ್ಟು ಜೋರಾಗಿ ಗಂಟೆ ಹೊಡೆದಳು. ಬೀಗ ತೆಗೆದು ಗೇಟಿನ ಎರಡೂ ಬಾಗಿಲು ದೂಡಿದಳು.

ಮಕ್ಕಳು ನುಗ್ಗಿದರು. ಕಾಲಡಿಯ ಸುಣ್ಣದಲ್ಲಿ ಮೊದಲು ಬೆಂಚು ಹೋಯಿತು, ಆಮೇಲೆ ವಾಕಿಂಗ್ ದಾರಿ, ಕಾರಂಜಿಯೂ ಹೋಯಿತು. ಎಂಜಿನಿಯರು ನಕ್ಷೆಯ ಸುರುಳಿಯನ್ನು ಎದೆಗವಚಿಕೊಂಡು ಕೂಗಿದರು. "ನಿಲ್ಲಿಸಮ್ಮ ಅವರನ್ನ! ಗೆರೆಯೆಲ್ಲ ಅಳಿಸಿಹೋಯ್ತು!"

"ಇಲ್ಲದ ಗೇಟಿಂದ ಬಂದೋರನ್ನ ನಾನು ಹೇಗೆ ನಿಲ್ಲಿಸಲಿ ಸಾರ್? ನೀವೇ ಎಣಿಸ್ಕೊಳ್ಳಿ."

ಎಣಿಸಲು ಆಗುವಂತಿರಲಿಲ್ಲ. ಹತ್ತು ನಿಮಿಷವಾದರೂ ಬರುತ್ತಲೇ ಇದ್ದರು. ಮೊಮ್ಮಗಳು ಸುಣ್ಣ ಮೆತ್ತಿದ ಕಾಲಲ್ಲಿ ಅಜ್ಜಿಗೆ ಕೈ ಬೀಸಿ ಓಡಿದಳು. ಮೈದಾನ ಖಾಲಿಯಾದಾಗ ಎಂಜಿನಿಯರು ನಕ್ಷೆ ಬಿಚ್ಚಿ, ಜೇಬಿನಿಂದ ಪೆನ್ಸಿಲು ತೆಗೆದರು.

"ಅಗಲ ಎಷ್ಟಿದೆ, ಅಳೆಯೋಣ. ಟೇಪಿನ ತುದಿ ಹಿಡ್ಕೊಮ್ಮ."

"ಅವತ್ತು ಟೀ ಕೊಟ್ಟಿದ್ದೇ ಸಾಕು. ನಿಮ್ಮ ಅಧ್ಯಕ್ಷರು ಹಿಡೀಲಿ."

ಅಧ್ಯಕ್ಷರು ಆಚೀಚೆ ನೋಡಿ, ಬಗ್ಗಿ, ಟೇಪಿನ ತುದಿ ಹಿಡಿದರು. ಅವಳ ಕೋಪ ಇನ್ನೂ ಇಳಿದಿರಲಿಲ್ಲ. ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ನಕ್ಷೆಯ ಮೇಲೆ ಗೇಟು ಮೂಡುವವರೆಗೂ ಪೆನ್ಸಿಲಿನಿಂದ ಕಣ್ಣು ಕೀಳದೆ ನಿಂತಿದ್ದಳು.