ಏಳನೇ ಸಾಲು

ಗೌಸಬಿಗೆ ಒಬ್ಬಾಕಿ ಸವತಿ ಇದ್ದಳು. ಹಂಗಂತ ಸಿಂದಗಿ ಓಣಿ ಮಂದಿಗೆಲ್ಲಾ ತಾನ ಸಾರಿಕೊಂಡು ಬರತಿದ್ದಳು. "ನನ್ನ ಸವತಿ ಫ್ರಾನ್ಸ್ ದೇಶದಾಕಿ ಬೇ. ಸಂಜಿ ಆತಂದ್ರ ನಮ್ಮನಿಯವ್ರು ಆಕಿ ಜೋಡಿನ ಕುಂದರತಾರ," ಅಂತ ನಕ್ಕೊಂತ ಹೇಳತಿದ್ದಳು. ಗಂಡ ಜೈನುದ್ದೀನ ಮಾಸ್ತರ ಅಲ್ಲೇ ಒಂದು ಖಾಸಗಿ ಕಾಲೇಜಿನಾಗ ಫ್ರೆಂಚ ಕಲಸತಿದ್ದರು.

ಸಿಂದಗ್ಯಾಗ ಫ್ರೆಂಚ ಯಾಕಪಾ ಅಂತೀರಿ? ಫ್ರೆಂಚ ತಗೊಂಡ್ರ ಮಾರ್ಕ್ಸ್ ಸುರಿಮಳಿ ಆಗತಾವ ಅಂತ ಯಾರೋ ಪುಣ್ಯಾತ್ಮ ಹಬ್ಬಿಸಿದ್ದ. ಕನ್ನೊಳ್ಳಿ ಹುಡುಗರು, ಹೊರ್ತಿ ಹುಡುಗರು ರೊಟ್ಟಿ ಡಬ್ಬಿ ಬಗಲಾಗ ಇಟಗೊಂಡು "ಬೋಂಜೂರ್ ಸರ್" ಅಂತಿದ್ದವು. ಪರೀಕ್ಷಾ ಮುಗೀತೋ, ಆ ಭಾಷಾನೂ ಮುಗೀತು. ಮಾಸ್ತರಿಗೆ ಮಾತ್ರ ಹಂಗಲ್ಲ. ಹರೇದಾಗ ಹೈದರಾಬಾದಕ್ಕ ಹೋಗಿ ಹಚ್ಚಿಕೊಂಡು ಬಂದ ಹುಚ್ಚು ಅದು, ತಲಿ ಬೆಳ್ಳಗಾದ್ರೂ ಬಿಡಲಿಲ್ಲ.

ಸಂಜಿಮುಂದ ಕೈಕಾಲು ಮಾರಿ ತೊಳಕೊಂಡು ಕಟ್ಟಿಮ್ಯಾಲ ಕುಂತು, ನಾವು ಸಣ್ಣವರಿದ್ದಾಗ ಮಗ್ಗಿ ಒಪ್ಪಸತಿದ್ದಂಗ, 'ಇರು' ಅನ್ನೋ ಒಂದ ಕ್ರಿಯಾಪದ ಹಿಡದು ಒಪ್ಪಸತಿದ್ದರು. "ಕ ಜ ಫ್ಯೂಸ್, ಕ ತ್ಯು ಫ್ಯೂಸ್, ಕಿಲ್ ಫ್ಯೂ, ಕ ನೂ ಫ್ಯೂಸಿಯೋಂ, ಕ ವೂ ಫ್ಯೂಸಿಯೇ, ಕಿಲ್ ಫ್ಯೂಸ್." ನಾನು ಇರಬೇಕು, ನೀನು ಇರಬೇಕು, ಅಂವ ಇರಬೇಕು ಅಂತ ಹಿಂದೊಮ್ಮೆ ಆಸೆಪಟ್ಟದ್ದನ್ನ ಹೇಳೋ ರೂಪ ಅದು. ಹಳೇ ಪುಸ್ತಕದಾಗ ಅಷ್ಟ ಸಿಗತೈತಿ. ಪರೀಕ್ಷಾದಾಗ ಬರೂದಿಲ್ಲ. ಖುದ್ದ ಫ್ರಾನ್ಸಿನ ಮಂದೀನ ಅದನ್ನ ಬಾಯಿ ಬಿಟ್ಟು ಆಡೂದಿಲ್ಲ.

"ಯಾರೂ ಆಡದ ಮಾತು ನಿಮಗ್ಯಾಕರಿ?" ಅಂತ ಗೌಸಬಿ ರೊಟ್ಟಿ ಬಡಿಯೂದು ಬಿಟ್ಟು ಒದರತಿದ್ದಳು.

"ಯಾರೂ ಆಡೂದಿಲ್ಲಲ್ಲ, ಅದಕ್ಕ. ನಾನರ ಆಡತೇನಿ," ಅಂತಿದ್ದರು ಮಾಸ್ತರ. ಆಕಿ ಹಣಿ ಹಣಿ ಬಡಕೊಂಡು ಒಳಗ ಹೋಗತಿದ್ದಳು.

ಹೋದ ಮಳಿಗಾಲದಾಗ ಒಂದಿನ ಮುಂಜಾನೆ ಮಾಸ್ತರ ಕೈಯಾಗಿನ ಚಾದ ಕಪ್ಪು ಜಾರಿ ಬಿತ್ತು. ಲಕ್ವಾ. ಬಲಗೈ, ಬಲಗಾಲು ಸತ್ತವು, ಮಾತೂ ಹೋತು. ಹೆಂಡತಿ ಹೆಸರಿಲ್ಲ, ಮಗಳ ಹೆಸರಿಲ್ಲ, ನೀರು ಅನ್ನಾಕೂ ಬರಲಿಲ್ಲ. ವಿಜಾಪುರದ ದವಾಖಾನ್ಯಾಗ ಗೌಸಬಿ ಅತ್ತು ಅತ್ತು ದನಿ ಕೂತಿತ್ತು. ಒಂದಿನ ಸಂಜಿಮುಂದ ಪಲಂಗದ ಮ್ಯಾಲಿಂದ ಏನೋ ಗುಣುಗುಣು ಕೇಳಿತು. "ಕ ಜ ಫ್ಯೂಸ್..." ಆರೂ ಸಾಲು, ಎಲ್ಲೂ ತಡವರಿಸದ ಬಂದವು! ಜೀವನದಾಗ ಮೊದಲನೇ ಸಲ ಗೌಸಬಿ ಆ ಸವತಿಗೆ ಕೈ ಮುಗದಳು.

ಡಾಕ್ಟರ ತಿಳಿಸಿ ಹೇಳಿದರು. "ಮಾತು ಹೋದರೂ ಬಾಯಿಪಾಠ ಒಮ್ಮೊಮ್ಮೆ ಉಳೀತೈತ್ರಿ. ಕೆಲವರು ಮಗ್ಗಿ ಹೇಳತಾರ, ಕೆಲವರು ಹಾಡು ಹೇಳತಾರ. ಆದ್ರ ನೀವು ಆಡೂದು ಅವರಿಗೆ ಪೂರಾ ತಿಳೀತೈತಿ, ಮರೀಬ್ಯಾಡ್ರಿ."

ಗೌಸಬಿ ಹಿಡಕೊಂಡದ್ದು ಬರೇ ಮೊದಲನೇ ಮಾತು. ಮಗಳು ನಸ್ರೀನಳ ನಿಕಾಹ ಇಂಡಿ ಊರಿನ ನಿಯಾಜನ ಜೋಡಿ ನಿಕ್ಕಿ ಆಗಿತ್ತು. ನಿಕಾಹದಾಗ ವಕೀಲ ಅಂತ ಒಬ್ಬರು ಹೆಣ್ಣಿನ ಹತ್ರ ಹೋಗಿ, ಇಬ್ಬರು ಸಾಕ್ಷಿದಾರರ ಮುಂದ ಒಪ್ಪಿಗಿ ಕೇಳಬೇಕು. ಅವರ ಮನಿತನದಾಗ ಅಪ್ಪನ ಕೇಳತಿದ್ದ. "ಅಪ್ಪ ಜೀವಂತ ಇದ್ದಾಗ ನನ್ನ ಮಗಳನ್ನ ಬ್ಯಾರೆಯವರು ಯಾಕ ಕೇಳಬೇಕು?" ಅಂತ ಗೌಸಬಿ ಹಟ ಹಿಡದಳು.

ಮುಳುಗೋರಿಗೆ ಹುಲ್ಲುಕಡ್ಡಿನ ಆಸರ. ದಿನಾ ಸಂಜಿಮುಂದ ಗಂಡನ ಎದುರಿಗೆ ಕುಂತು, ತನ್ನ ತವರೂರು ತಾಳಿಕೋಟಿ ನಾಲಿಗೀಲೆ "ಕ ಜ ಪೂಸ" ಅಂತ ಮೊದಲನೇ ಸಾಲು ಎತ್ತಿಕೊಡತಿದ್ದಳು. ಆ ಪೂಸಾ ಕೇಳಿ ಮಾಸ್ತರ ಮಾರಿ ಕಿವುಚಿ, ತಾವು ಸರಿಯಾಗಿ ಹೇಳಿ ಆರು ಸಾಲು ಮುಗಸತಿದ್ದರು. ಅದರ ಬಾಲಕ್ಕ ಆಕಿ ನಿಕಾಹದ ಒಪ್ಪಿಗಿ ಕೇಳೋ ಮಾತನ್ನ ಏಳನೇ ಸಾಲು ಮಾಡಿ ಕಟ್ಟತಿದ್ದಳು: "ಕಬೂಲ ಐತೇನವ್ವಾ?" ಮಗ್ಗಿಗೆ ಇನ್ನೊಂದು ಸಾಲು ಸೇರಿಸಿದಂಗ ಬಾಯಿಗೆ ಕೂತುಬಿಡತೈತಿ ಅಂತ ಆಕಿ ಲೆಕ್ಕಾಚಾರ.

ನಗಬ್ಯಾಡ್ರಿ, ಕೂತೂ ಬಿಟ್ಟಿತು! ಒಂದಿನ ಆರು ಸಾಲಿನ ಬೆನ್ನಿಗೆ "ಕಬೂಲ ಐತೇನವ್ವಾ" ಅಂದಬಿಟ್ಟರು. ಗೌಸಬಿ ಓಣಿತುಂಬ ಸಕ್ಕರಿ ಹಂಚಿದಳು. ಆಮ್ಯಾಲ ಅದು ಒಂದಿನ ಬರೂದು, ನಾಕು ದಿನ ಬರತಿರಲಿಲ್ಲ. ಆಕಿ ಅಣ್ಣ ಬಾಬುಲಾಲ, "ಗೌಸಾ, ನಾ ಕೇಳತೇನಿ ಬಿಡ. ಮಂದ್ಯಾಗ ಅವರನ್ನ ಸಣ್ಣವರನ್ನ ಮಾಡಬ್ಯಾಡ," ಅಂದ.

"ಬರತೈತಿ ಅಣ್ಣಾ. ನೀ ಅಡ್ಡ ಬಾಯಿ ಹಾಕಬ್ಯಾಡ," ಅಂದಳು ಆಕಿ. ಮಾಸ್ತರ ತಲಿ ಅಲ್ಲಾಡಿಸಿದರು. ಬ್ಯಾಡ ಅಂತ ಅಲ್ಲಾಡಿಸಿದ್ದು. ಗೌಸಬಿಗೆ ಅದು ಹೂಂ ಅಂದಂಗ ಕಂಡಿತು. ಮನಸಿಗೆ ಬೇಕಾದ್ದನ್ನ ಕಣ್ಣು ನೋಡತಾವ, ಏನ್ ಮಾಡತೀರಿ.

ನಿಕಾಹದ ದಿನ ಹೊಸಾ ಶೇರವಾನಿ ಹಾಕಿ, ಎರಡೂ ಬಗಲಿಗೆ ಆಸರ ಕೊಟ್ಟು, ಮಾಸ್ತರನ್ನ ನಸ್ರೀನಳ ಮುಂದ ತಂದು ಕೂಡ್ರಿಸಿದರು. ಸಾಕ್ಷಿದಾರರು, ಖಾಜಿಯವರು ನಿಂತರು. ಮನಿತುಂಬ ಹೆಣ್ಣಮಕ್ಕಳು. ಗೌಸಬಿ ಗಂಡನ ಕಿವ್ಯಾಗ ಎತ್ತಿಕೊಟ್ಟಳು.

ಆರು ಸಾಲು ಗಡಗಡ ಬಂದವು. ಆಮ್ಯಾಲ ಮಾಸ್ತರ ದನಿ ತಡೀತು. ಏಳನೇದಕ್ಕ ಬಾಯಿ ತೆರದರು. "ಕ..." ಅಂದರು. ಕಬೂಲ ಬಂತು ಅಂತ ಗೌಸಬಿ ಮುಂದ ಬಗ್ಗಿದಳು. "ಕ... ಕ ಜ ಫ್ಯೂಸ್, ಕ ತ್ಯು ಫ್ಯೂಸ್..." ಮತ್ತ ಮೊದಲಿಂದ. ಹಿಂದ ಯಾರೋ ಒಬ್ಬಾಕಿ ಕಿಸಕ್ಕನ ನಕ್ಕಳು. ಇನ್ನೊಬ್ಬಾಕಿ ನಕ್ಕಳು. ಇಂಡಿ ಬೀಗತಿ ಸೆರಗಿನಾಗ ಬಾಯಿ ಮುಚ್ಚಿಕೊಂಡಳು. ಮಾಸ್ತರ ಮೂರನೇ ಸಲ ಶುರು ಮಾಡಿದರು, ನಿಲ್ಲಸಾಕೂ ಅವರಿಗೆ ಬರಲಿಲ್ಲ.

"ಕಬೂಲ ಐತಿ, ಅಪ್ಪಾ!" ಅಂತ ನಸ್ರೀನ ನಡುವ ಚೀರಿದಳು. "ಕಬೂಲ ಐತಿ. ಸಾಕು ಮಾಡ್ರಿ."

ಖಾಜಿಯವರು ಕೆಟ್ಟವರಲ್ಲ. ಮೆತ್ತಗ ಅಂದರು, "ಕೇಳದ ಮಾತಿಗೆ ಉತ್ತರ ಹಿಡಿಯಾಕ ಬರೂದಿಲ್ಲವ್ವಾ." ಬಾಬುಲಾಲ ಮುಂದ ಬಂದು ಕೇಳಬೇಕಾದ್ದನ್ನ ಕೇಳಿದ. ನಸ್ರೀನ ಅಪ್ಪನ ಮಾರಿ ನೋಡಿಕೊಂತ ಮಾಮಾಗ ಉತ್ತರ ಕೊಟ್ಟಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಗೌಸಬಿಗೆ ಹಂಗಾತು. ಮಾಸ್ತರ ಕಣ್ಣಾಗಿನ ನೀರು ಶೇರವಾನಿಮ್ಯಾಲ ಇಳೀತು. ಅವರಿಗೆ ಎಲ್ಲಾ ತಿಳದಿತ್ತು, ಆ ನಗೀನೂ.

ಮಗಳು ಇಂಡಿಗೆ ಹೋದಳು. ಮರುದಿನ ಸಂಜಿಮುಂದ ಕಟ್ಟಿಮ್ಯಾಲ ಗೌಸಬಿ ಎತ್ತಿಕೊಟ್ಟಳು. ಮಾಸ್ತರ ಸುಮ್ಮನ ಕುಂತರು. ಮತ್ತೊಂದಿನ ಎತ್ತಿಕೊಟ್ಟಳು, ಸುಮ್ಮನ. ಇನ್ನೊಮ್ಮೆ ಲಕ್ವಾ ಹೊಡದೈತೇನೋ ಅಂತ ವಿಜಾಪುರಕ್ಕ ಕರಕೊಂಡು ಓಡಿದಳು. ಡಾಕ್ಟರ ಎಲ್ಲಾ ತಪಾಸ ಮಾಡಿದರು.

"ಹೊಸಾದೇನೂ ಆಗಿಲ್ಲವ್ವಾ. ಬಾಯಿ ಹೇಳಬಲ್ಲದು. ಅವರಿಗ ಹೇಳಾಕ ಮನಸಿಲ್ಲ," ಅಂದರು.

ದವಾಖಾನಿ ಪಾವಟಿಗಿಮ್ಯಾಲ ಗೌಸಬಿ ಕುಸದು ಕುಂತಳು. "ಮಾತು ಅಲ್ಲಾ ಕಸ್ಕೊಂಡಿದ್ದ. ಉಳದ ಅಷ್ಟು ದನೀನ ನಾ ಕಸ್ಕೊಂಡೆನಲ್ಲರೀ! ಬೈರಿ ನನಗ. ಆ ನಿಮ್ಮ ಫ್ರೆಂಚಿನಾಗರ ಬೈರಿ!" ಅಂತ ಮಂದಿ ನೋಡಾಕತ್ತಾರ ಅನ್ನೋದು ಇಲ್ಲದ ಬೋರಾಡಿ ಅತ್ತಳು.

ಮಾಸ್ತರ ಆಡೋ ಎಡಗೈಲೆ ಆಕಿ ಕಣ್ಣು ಒರಸಿದರು. ಬಾಯಿ ಮಾತ್ರ ಬಿಡಲಿಲ್ಲ.