ಬೊಡ್ಡೆ ತೆಗೆಯಲು ಅಗ್ಗದ ಉಪಾಯಗಳು

ಹಗ್ಗ ಬಿಗಿಯಿತು. ಟ್ರ್ಯಾಕ್ಟರ್ ಗುಡುಗಿತು. ಅದರ ಮುಂದಿನ ಗಾಲಿಗಳು ನೆಲ ಬಿಟ್ಟು ಗೇಣುದ್ದ ಮೇಲೆದ್ದವು. ಧಡಾರ್ ಎಂದು ಏನೋ ಉರುಳಿತು. ಬಂತು, ಬಂತು ಎಂದು ನಾನು ಕುಣಿದೆ. ಧೂಳು ಇಳಿದ ಮೇಲೆ ನೋಡಿದರೆ ಹುಣಸೆಮರದ ಬೊಡ್ಡೆ ಇದ್ದಲ್ಲೇ ಇತ್ತು. ಬಿದ್ದದ್ದು ಪಕ್ಕದ ಮನೆಯ ಕಾಂಪೌಂಡ್ ಗೋಡೆ.

ಗೋಡೆಯಾಚೆ ನೆರೆಮನೆಯ ಶಾಮರಾವ ಕಾಕಾ ಹಿತ್ತಲ ಬಚ್ಚಲಲ್ಲಿ ಸ್ನಾನಕ್ಕೆ ಕೂತಿದ್ದರು. ತಲೆ ತುಂಬ ಸೋಪು, ಕೈಯಲ್ಲಿ ತಂಬಿಗೆ. ಒಂದೇ ಕಣ್ಣು ತೆರೆದು ನನ್ನನ್ನು ನೋಡಿದರು.

"ಮಾಸ್ತರ, ಬರೂದಿದ್ರ ಬಾಗಲದಿಂದ ಬರ್ರಿ."

ಆಮೇಲೆ ಒಂದು ತಿಂಗಳು ಅವರು ನನ್ನೊಂದಿಗೆ ಮಾತಾಡಲಿಲ್ಲ.

ಕಳೆದ ಬೇಸಿಗೆಯಲ್ಲಿ ನಡೆದದ್ದು ಇದು. ನಾನು ರಾಯಬಾಗದಲ್ಲಿ ಹೈಸ್ಕೂಲ್ ಕನ್ನಡ ಮಾಸ್ತರ. ಹನ್ನೊಂದು ವರ್ಷ ಬಾಡಿಗೆ ಮನೆಗಳಲ್ಲಿದ್ದು, ಕೊನೆಗೊಮ್ಮೆ ಹಿತ್ತಲಿರುವ ಸ್ವಂತ ಮನೆ ಕೊಂಡಿದ್ದೆವು. ನನ್ನ ಹೆಂಡತಿ ಸುನಂದಾ ಕೃಷ್ಣೆಯ ದಂಡೆಯ ಜುಗೂಳದವಳು. ಕೈಯಲ್ಲಿದ್ದ ಬೀಜ ಕೊಡವಿದರೂ ಬೆಳೆ ಬರುವ ನೆಲದಿಂದ ಬಂದವಳು ಈ ಹನ್ನೊಂದು ವರ್ಷ ಎಣ್ಣೆ ಡಬ್ಬಿಗಳಲ್ಲಿ ಕೊತ್ತಂಬರಿ ಬೆಳೆದಿದ್ದಳು. ಮಳೆಗಾಲಕ್ಕೆ ಮೊದಲು ಹಿತ್ತಲಲ್ಲಿ ಮಡಿ ಮಾಡಿ, ಮೆಂತ್ಯ, ಬದನೆ ಹಾಕಬೇಕು ಎಂಬುದೊಂದೇ ಅವಳು ಕೇಳಿದ್ದು.

ಮಡಿ ಮಾಡುವುದೆಲ್ಲಿ? ಹಿತ್ತಲ ನಟ್ಟನಡುವೆ ಮೂರು ಬೊಡ್ಡೆ. ಎರಡು ಹುಣಸೆ, ಒಂದು ಬೇವು. ಹಳೆಯ ಮಾಲಕರು ಮರಗಳನ್ನು ಇಟ್ಟಂಗಿ ಭಟ್ಟಿಗೆ ಮಾರಿ, ಬುಡವನ್ನು ಮಾತ್ರ ನಮಗೆ ಉದಾರವಾಗಿ ಬಿಟ್ಟು ಹೋಗಿದ್ದರು.

ಗುದ್ದಲಿ ಹಿಡಿದು ಇಬ್ಬರು ಬಂದರು. ನ್ಯಾಯವಾದ ಕೂಲಿಯನ್ನೇ ಕೇಳಿದರು. ಸತ್ತ ಮರಕ್ಕೆ ಇಷ್ಟೊಂದೇ ಎಂದು ಅವರನ್ನು ಹೊರಡಿಸಿದೆ. (ಟೂತ್‌ಪೇಸ್ಟ್ ಟ್ಯೂಬಿನ ಮೇಲೆ ಲಟ್ಟಣಿಗೆ ಹೊರಳಿಸುವವನು ನಾನು. ಬೇರೆ ಏನು ಮಾಡಿಯೇನು?)

ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಮಾಸ್ತರರು ಪುಕ್ಕಟೆ ಉಪಾಯವೊಂದನ್ನು ಹೇಳಿದರು. ಬೊಡ್ಡೆಗೆ ತೂತು ಕೊರೆದು ಯೂರಿಯಾ ತುಂಬಿ ನೀರು ಹಾಕುತ್ತಿದ್ದರೆ ತಾನೇ ಕೊಳೆಯುತ್ತದಂತೆ. ಎಷ್ಟು ವರ್ಷಕ್ಕೆ ಎಂಬುದನ್ನೂ ಅವರು ಹೇಳಿರಬೇಕು. ಅಷ್ಟರಲ್ಲಿ ಬೆಲ್ ಆಗಿತ್ತು.

ತುಂಬಿದೆ. ದಿನಾ ನೀರು ಹಾಕಿದೆ. ತಿಂಗಳಾದರೂ ಹುಣಸೆ ಬೊಡ್ಡೆಗಳು ಜಪ್ಪಯ್ಯ ಎನ್ನಲಿಲ್ಲ. ಬೇವಿನ ಬೊಡ್ಡೆ ಮಾತ್ರ ಮೈತುಂಬ ಎಳೆ ಚಿಗುರು ಹೊತ್ತು ನಿಂತಿತು. ಸುನಂದಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು.

"ಬೊಡ್ಡಿ ತಗ್ಯಾಕತ್ತೀರೋ, ಬೆಳಸಾಕತ್ತೀರೋ?"

ಉತ್ತರ ಕೊಡಲು ನಾನು ಬೆಂಕಿಯ ಮೊರೆ ಹೋದೆ. ಕಬ್ಬು ಕಡಿದ ಹೊಲಗಳಲ್ಲಿ ರವದಿ, ಅಂದರೆ ಒಣಗಿದ ಕಬ್ಬಿನ ಸೋಗೆ, ಬೇಕಾದಷ್ಟು ಬಿದ್ದಿರುತ್ತದೆ. ಅದೂ ಪುಕ್ಕಟೆ. ಒಂದು ಬಂಡಿ ತಂದು ಹುಣಸೆ ಬೊಡ್ಡೆಯೊಂದರ ಮೇಲೆ ಒಟ್ಟಿ ಕಡ್ಡಿ ಗೀರಿದೆ. ರವದಿ ಐದು ನಿಮಿಷದಲ್ಲಿ ಉರಿದು ಬೂದಿಯಾಯಿತು. ಆದರೆ ಬೊಡ್ಡೆಯ ಹೊಟ್ಟೆಯೊಳಗೆ ಕಿಡಿ ಕೂತುಬಿಟ್ಟಿತ್ತು. ಆರು ದಿನ ಅದು ಹೊಗೆಯಾಡಿತು. ಆ ಹೊಗೆಗೆ ಮೇಲೆ ಹೋಗುವ ಅಭ್ಯಾಸವೇ ಇರಲಿಲ್ಲ. ಗೋಡೆ ದಾಟಿ ನೇರವಾಗಿ ಶಾಮರಾವ ಕಾಕಾ ಅವರ ಮನೆ ಹೊಕ್ಕಿತು.

ಅವರ ಹೆಂಡತಿ, ನಾವು ಕಾಕು ಎಂದು ಕರೆಯುವ ಹಿರಿಯ ಜೀವಕ್ಕೆ ಮೊದಲೇ ದಮ್ಮು. ಅವರ ಕೆಮ್ಮು ನಮ್ಮ ಅಡುಗೆಮನೆಯವರೆಗೆ ಕೇಳುತ್ತಿತ್ತು. ಆರಿಸಲೆಂದು ನಾಲ್ಕು ಕೊಡ ನೀರು ಸುರಿದೆ. ಹೊಗೆ ಇಮ್ಮಡಿಯಾಯಿತು. ಕೂಲಿಯವರನ್ನು ಕರೆದು ಅಗೆಸಿಬಿಡಿ ಎಂದು ಸುನಂದಾ ಬೇಡಿಕೊಂಡಳು. ನಾಳೆ ತಾನೇ ಆರುತ್ತದೆ ಎಂದೆ.

ನಾಲ್ಕನೆಯ ದಿನ ಕಾಕಾ ಒಂದು ಚೀಲ ಹಿಡಿದು, ಕಾಕು ಅವರ ತೋಳು ಹಿಡಿದುಕೊಂಡು ಬಸ್ ಸ್ಟ್ಯಾಂಡಿಗೆ ಹೊರಟರು. ನಿಪ್ಪಾಣಿಯ ತಂಗಿಯ ಮನೆಗೆ. ಕಾಕು ಸೆರಗನ್ನು ಮೂಗಿಗೆ ಒತ್ತಿಕೊಂಡು, ಪ್ರತಿ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ನಾನು ಗೇಟಿನಲ್ಲೇ ಇದ್ದೆ. ತಪ್ಪಾಯಿತು ಎನ್ನಬೇಕಿತ್ತಲ್ಲವೇ? ಊರಿಗೆ ಹೊರಟಿರಾ ಎಂದು ಕೇಳಿದೆ. ಇಬ್ಬರೂ ತಿರುಗಿ ನೋಡಲಿಲ್ಲ. ಕಾಕು ಅವರನ್ನು ಅಲ್ಲಿ ಬಿಟ್ಟು ಕಾಕಾ ಮರುದಿನ ಒಬ್ಬರೇ ಮರಳಿದರು.

ಅಲ್ಲಿಗಾದರೂ ಬುದ್ಧಿ ಬರಬೇಕಿತ್ತು. ಬಂದದ್ದು ಟ್ರ್ಯಾಕ್ಟರ್. ಸುನಂದಾಳ ತಮ್ಮ ಜುಗೂಳದಿಂದ ತಂದಿದ್ದ. ಬೇರು ಕಡಿಯದೆ ಎಳೆದರೆ ಬರುವುದಿಲ್ಲ ಎಂದು ಪಾಪ, ಎರಡು ಸಲ ಹೇಳಿದ. ಎಳಿ ಎಂದೆ. ಬೊಡ್ಡೆಯ ಒಂದು ಬೇರು ಗೋಡೆಯ ಅಡಿಯಲ್ಲಿ ಹಾದುಹೋಗಿದ್ದು ನಮಗೆ ಗೊತ್ತಾದದ್ದು ಕಾಕಾ ಕಾಣಿಸಿಕೊಂಡ ಮೇಲೆ.

ಮುಂದಿನ ಮೂರು ಭಾನುವಾರ ಕಲ್ಲು ಹೊತ್ತು, ಮಣ್ಣು ಕಲಸಿ ಆ ಗೋಡೆ ಏರಿಸಿದೆ. ಕಾಕಾ ಆಚೆ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು. ನಾನು ಸೊಟ್ಟಗೆ ಇಟ್ಟ ಕಲ್ಲನ್ನು, ನಾನು ಆ ಕಡೆ ತಿರುಗಿದಾಗ ಎದ್ದು ಬಂದು ನೆಟ್ಟಗೆ ಮಾಡಿ, ಮತ್ತೆ ಪೇಪರ್ ಹಿಡಿಯುತ್ತಿದ್ದರು. ಬೈದಿದ್ದರೆ ಹಗುರಾಗುತ್ತಿತ್ತು.

ಕಾಕು ನಿಪ್ಪಾಣಿಯಿಂದ ಮರಳಿದ ದಿನ ಅವರ ಮನೆಗೆ ಹೋದೆ. ಬಾಗಿಲಿನಿಂದಲೇ ಹೋದೆ. ಹೇಳಬೇಕೆಂದುಕೊಂಡಿದ್ದ ವಾಕ್ಯಗಳೆಲ್ಲ ಹೊಸ್ತಿಲಲ್ಲೇ ಮರೆತುಹೋದವು. ತಪ್ಪಾತ್ರಿ ಕಾಕು ಎಂದಷ್ಟೇ ಅಂದೆ. ಅವರು ಮೊದಲು ಕೂಡಲು ಹೇಳಿದರು. ಆಮೇಲೆ ಕಾಕಾ ಕಡೆ ನೋಡಿ, ನನ್ನ ಕಡೆ ನೋಡಿ ಮೆಲ್ಲಗೆ ಹೇಳಿದರು.

"ಜಾವೂ ದ್ಯಾ ಮಾಸ್ತರ, ಹೋಗ್ಲಿ ಬಿಡ್ರಿ. ಆದರ ಇನ್ನ ಆ ಬೊಡ್ಡಿಗೆ ನೀವು ಕೈ ಹಚ್ಚಬ್ಯಾಡ್ರಿ. ಮಲಾನಬಿನ್ನ ಕಳಸ್ತೀನಿ."

ಮಲಾನಬಿ ನಮ್ಮ ಓಣಿಯ ಮನೆಗಳಿಗೂ ಎರಡು ಖಾನಾವಳಿಗಳಿಗೂ ಕಟ್ಟಿಗೆ ಹಾಕುವ ಹೆಂಗಸು. ಐವತ್ತು ದಾಟಿರಬಹುದು. ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ ಗುದ್ದಲಿ, ಕೊಡಲಿ, ಹಾರೆ ಹೊತ್ತು ಬಂದಳು. ತೂತು ಕೊರೆದ, ಅರ್ಧ ಸುಟ್ಟ, ಹಗ್ಗದ ಗಾಯವಾದ ಬೊಡ್ಡೆಗಳನ್ನು ಸುತ್ತು ಹಾಕಿ ನೋಡಿದಳು. ಇವಕ್ಕೆ ಇಷ್ಟೆಲ್ಲ ಮಾಡಿದ್ದು ಯಾರು ಎಂದು ಕೇಳಿದಳು. ನಾನೇ ಎಂದೆ. ಆಕೆ ಷರತ್ತು ಹೇಳಿದಳು.

"ಕಟಗಿ ನಂದು, ಚಾ ನಿಮ್ದು. ಸಲಹಾ ಕೊಡಬ್ಯಾಡ್ರಿ."

ಎರಡು ದಿನ ಆಕೆ ಬೊಡ್ಡೆಗಳನ್ನು ಮುಟ್ಟಲೇ ಇಲ್ಲ. ಸುತ್ತಲ ಹಸಿ ಮಣ್ಣು ತೋಡಿದಳು. ಕುಣಿಗೆ ನೀರು ಬಿಟ್ಟು ಬೇರುಗಳ ಮೈ ತೊಳೆದಳು. ಒಂದೊಂದೇ ಬೇರು ಹುಡುಕಿ ಕಡಿದಳು. ಸುಮ್ಮನಿರಲಾರದೆ ನಾನೂ ಗುದ್ದಲಿ ಇಸಿದುಕೊಂಡೆ. ಹತ್ತು ನಿಮಿಷದಲ್ಲಿ ಅಂಗೈ ಬೊಬ್ಬೆ. ಆಕೆ ಗುದ್ದಲಿ ವಾಪಸ್ ತಗೊಂಡಳು. ಮೂರನೆಯ ದಿನ ಕೆಳಗೆ ಹಾರೆ ಕೊಟ್ಟು ಭಾರ ಬಿಟ್ಟಳು. ಟ್ರ್ಯಾಕ್ಟರಿಗೆ ಬಗ್ಗದ ಬೊಡ್ಡೆ ಸದ್ದಿಲ್ಲದೆ ಮಗ್ಗುಲಾಯಿತು. ಸಂಜೆಯೊಳಗೆ ಎರಡನೆಯದೂ ಉರುಳಿತು. ಬೇವಿಗೆ ಮಾತ್ರ ಆಕೆ ಕೊಡಲಿ ಎತ್ತಲಿಲ್ಲ. ಅದು ಜೀವ ಹಿಡಿದಿದೆ, ಇರಲಿ ಎಂದಳು. ಸುನಂದಾಳೂ ಇರಲಿ ಎಂದಳು. ನನ್ನನ್ನು ಯಾರೂ ಕೇಳಲಿಲ್ಲ.

ಚಹಾ ಕುಡಿಯುತ್ತ ಮಲಾನಬಿ ನನ್ನನ್ನು ಕನಿಕರದಿಂದ ನೋಡಿದಳು.

"ಮೂರ ದಿನದ ಕೆಲಸಕ್ಕ ಮೂರ ತಿಂಗಳಾ ದುಡದೀರಿ ಮಾಸ್ತರ. ಭಾಳ ಕಷ್ಟಜೀವಿ ಬಿಡ್ರಿ ನೀವು."

ಆಕೆ ಹೊರಡುವಾಗ, ಕಟ್ಟಿಗೆಯೇ ಕೂಲಿಯಾಯಿತಲ್ಲ ಎಂದು ನಾನು ಲೆಕ್ಕಾಚಾರ ಶುರು ಮಾಡಿದೆ. ಸುನಂದಾ ನನ್ನನ್ನು ಒಮ್ಮೆ ನೋಡಿದಳು. ಒಳಗೆ ಹೋಗಿ ಪಾಕೀಟು ತಂದೆ.

ಈಗ ಹಿತ್ತಲಲ್ಲಿ ಮೆಂತ್ಯ ಎದ್ದಿದೆ. ಕಾಕು ಗೋಡೆಯ ಮೇಲಿಂದ ಸೊಪ್ಪು ಇಸಿದುಕೊಳ್ಳುತ್ತಾರೆ. ನಾನು ಸ್ಟಾಫ್ ರೂಮಿನಲ್ಲಿ ಬೊಡ್ಡೆ ತಜ್ಞನಾಗಿದ್ದೇನೆ. ಮೊನ್ನೆ ಏಕಸಂಬಿಯಿಂದ ಒಬ್ಬರು ಸಲಹೆ ಕೇಳಿಕೊಂಡು ಬಂದರು. ಸುಡಬೇಡಿ, ಎಳೆಯಬೇಡಿ, ಮಳೆಯಾದ ಮೇಲೆ ಪಕ್ಕದ ಬೇರು ಕಡಿಯಿರಿ ಎಂದು ಅರ್ಧ ತಾಸು ಉಪನ್ಯಾಸ ಕೊಟ್ಟೆ. ನಾನು ಮೂರೇ ದಿನದಲ್ಲಿ ಎರಡು ತೆಗೆದೆ ಎಂದೂ ಸೇರಿಸಿದೆ.

ಮರುದಿನ ಒಂಬತ್ತನೆಯ ಕ್ಲಾಸಿನಲ್ಲಿ ವ್ಯಾಕರಣ ಪಾಠ. ಬೋರ್ಡಿನ ಮೇಲೆ 'ಮಾಡು – ಮಾಡಿಸು, ಕಟ್ಟು – ಕಟ್ಟಿಸು, ತೆಗೆ – ತೆಗೆಸು' ಎಂದು ಬರೆದು, ಕೆಲಸವನ್ನು ಬೇರೆಯವರಿಂದ ಮಾಡಿಸಿದರೆ 'ಇಸು' ಸೇರುತ್ತದೆ ಎಂದು ವಿವರಿಸಿದೆ.

ಮನೆ ಕಟ್ಟಿದೆ, ಬಾವಿ ತೋಡಿದೆ, ಬೊಡ್ಡೆ ತೆಗೆದೆ ಎನ್ನುವ ನಮ್ಮಂಥವರ ಬಾಯಿಂದ ಆ 'ಇಸು' ಎಲ್ಲಿ ಉದುರಿಹೋಗುತ್ತದೆ?