ಕಡಲಿಗೆ ಬಿಟ್ಟ ಬಟ್ಟೆ

ಮೊನ್ನೆ ಮಲ್ಪೆಯಿಂದ ಮರವಂತೆಗೆ ಕಾರಿನಲ್ಲಿ ಹೋಗುವಾಗ ದಡದಲ್ಲಿ ಹಳೇ ಸೀರೆ, ಪಂಚೆಗಳ ಒದ್ದೆ ರಾಶಿ ಕಂಡು ಮೈ ಉರಿಯಿತು. ಕಡಲನ್ನೂ ತಿಪ್ಪೆ ಮಾಡಿದರಲ್ಲ ಎಂದುಕೊಂಡೆ. ಆಮೇಲೆ ಅಜ್ಜಿ ನೆನಪಾದಳು.

ಚಿಕ್ಕಂದಿನಲ್ಲಿ ಹಂಪಾಪುರದಿಂದ ಮನೆಮಂದಿಯೆಲ್ಲ ವ್ಯಾನು ಮಾಡಿಕೊಂಡು, ಕೊಪ್ಪದಲ್ಲಿ ಟೀ ಕುಡಿದು, ಘಟ್ಟ ಇಳಿದು ಮೊದಲ ಸಲ ಕಡಲು ನೋಡಲು ಹೋಗಿದ್ದೆವು. ನಮ್ಮೂರ ಕಪಿಲೆ ಹೊಳೆಯಲ್ಲಿ ಮಾಡುವಂತೆ ಅಲ್ಲೂ ಅಜ್ಜಿಯದೇ ಕಟ್ಟಳೆ.

"ಮಿಂದ್ಮೇಲೆ ಉಟ್ಟಿದ್ ಬಟ್ಟೆ ನೀರ್ಗೇ ಬುಡ್ಬೇಕು ಕಣ್ಲಾ, ಪಾಪ ಎಲ್ಲ ಓಯ್ತದೆ."

ಎಲ್ಲರೂ ಬಿಟ್ಟೆವು. ನಾವು ದಡದಲ್ಲಿ ಕೂತು ಬುತ್ತಿಯ ರೊಟ್ಟಿ ತಿನ್ನುವಾಗ ಮೀನುಗಾರರು ಬಲೆ ಎಳೆದರು. ಮೀನಿಗಿಂತ ನಮ್ಮ ಬಟ್ಟೆಯೇ ಹೆಚ್ಚು ಬಂತು. ಬಲೆ ಹರಿದಿತ್ತು.

"ಪಾಪ ಕಳ್ಕೊಳ್ಳಾಕೆ ಬುಟ್ಟಿದ್ದು ಸ್ವಾಮಿ" ಎಂದ ಅಪ್ಪ.

"ನಿಮ್ಮ ಪಾಪ ನಮ್ಮ ಬಲೆಗೆ ಎಂತಕ್ಕೆ ಮಾರಾಯ್ರೇ?" ಎಂದು ಅವರಲ್ಲಿ ಹಿರಿಯರೊಬ್ಬರು ದನಿ ಏರಿಸದೇ ಕೇಳಿದರು.

ಅಜ್ಜಿ ಮರಳಲ್ಲಿ ಕೂತು, ಬಲೆಗೆ ಸುತ್ತಿಕೊಂಡಿದ್ದ ತನ್ನ ಸೀರೆಯನ್ನು ಎಳೆಎಳೆಯಾಗಿ ಬಿಡಿಸಿದಳು. ಮುಂದೆ ಯಾವ ಕಡಲತೀರದಲ್ಲೂ ಅವಳು ವ್ಯಾನಿನಿಂದ ಇಳಿಯಲಿಲ್ಲ. ಅಪ್ಪ ಕರೆದರೆ, "ನೀವೋಗ್ರಪ್ಪ, ನಾನಿಲ್ಲೇ ಕುಂತಿರ್ತೀನಿ" ಎನ್ನುತ್ತಿದ್ದಳು.

ಬಟ್ಟೆ ಎಸೆದವರನ್ನು ಬೈದು ಬರೆಯಲೆಂದೇ ಇವತ್ತು ಕೂತೆ. ಬರೆಯಲಾದದ್ದು ಇಷ್ಟು.